ಒಂದೇ ಮನೆಯಲ್ಲಿ ಎರಡು ಮುಪ್ಪು

ನನಗೆ 63, ನಮ್ಮ ಮನೆಯವರಿಗೆ 66, ಅತ್ತೆಯವರಿಗೆ 87. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಈಗ ದುಡಿಯುವವರು ಯಾರೂ ಇಲ್ಲ, ಮೂವರೂ ಪಿಂಚಣಿಯ ಮೇಲೆ ಬದುಕುವವರು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದೆ. ಮನೆಯವರು ಖಾಸಗಿ ಕಾರ್ಖಾನೆಯಲ್ಲಿದ್ದರು, ಅವರಿಗೆ ಬರುವ ಭವಿಷ್ಯನಿಧಿ ಪಿಂಚಣಿ ಹಾಲು, ತರಕಾರಿಗೆ ಸಾಲುವಷ್ಟು. ಮಾವನವರು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದಿದ್ದರಿಂದ ಅತ್ತೆಯವರಿಗೆ ಕುಟುಂಬ ಪಿಂಚಣಿ ಇದೆ.

ನಮ್ಮ ಓಣಿಯಲ್ಲೇ ಇಂಥ ಮನೆಗಳು ಹಲವು. ಅರವತ್ತು ದಾಟಿದ ಮಗ, ಎಂಬತ್ತು ದಾಟಿದ ತಾಯಿ. ಮಗನ ಸಂಬಳ ನಿಂತಿದೆ, ತಾಯಿಯ ಖರ್ಚು ಏರುತ್ತಿದೆ. ಒಂದು ಮುಪ್ಪಿಗೆಂದು ಕೂಡಿಟ್ಟ ಹಣದಲ್ಲಿ ಎರಡು ಮುಪ್ಪು ಸಾಗಬೇಕು. ಇಂಥ ಮನೆಗಳವರಿಗೆ ನಾನು ಹೇಳಬೇಕೆಂದಿರುವುದು ಇಷ್ಟು: ಹಿರಿಯರ ಆರೈಕೆಗೆ ಮೊದಲು ಹಿರಿಯರ ಹಣವನ್ನೇ ಬಳಸಿ. ಅದನ್ನು ಮುಚ್ಚುಮರೆಯಿಲ್ಲದೆ, ಲೆಕ್ಕ ಬರೆದಿಟ್ಟು, ಅವರದೇ ಒಪ್ಪಿಗೆಯಿಂದ ಬಳಸಿ. ಹೀಗೆ ಮಾಡುವುದರಿಂದ ಪ್ರೀತಿಯೇನೂ ಕಡಿಮೆಯಾಗುವುದಿಲ್ಲ.

ನಮ್ಮ ದಿನ

ಬೆಳಿಗ್ಗೆ ಅತ್ತೆಯವರನ್ನು ಎಬ್ಬಿಸಿ, ಮುಖ ತೊಳೆಸಿ, ಪಡಸಾಲೆಯ ಬಿಸಿಲಿಗೆ ತಂದು ಕೂರಿಸುವುದು ಮಗನ ಕೆಲಸ. ಚಹಾ, ಗುಳಿಗೆ, ಹಾಲಿನಲ್ಲಿ ನೆನೆಸಿ ಹಿಚುಕಿದ ಜೋಳದ ರೊಟ್ಟಿ ನನ್ನ ಪಾಲಿನದು. ಮುಂಜಾನೆಯಿಂದ ಸಂಜೆಯವರೆಗೆ ಆಯಾ ಆಗಿ ಒಬ್ಬ ಹೆಣ್ಣುಮಗಳು ಬಂದು ಸ್ನಾನ ಮಾಡಿಸುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ಕೈಹಿಡಿದು ಅಂಗಳದಲ್ಲಿ ನಡೆಸುತ್ತಾಳೆ. ರಾತ್ರಿ ಅತ್ತೆಯವರು ಎದ್ದಾಗಲೆಲ್ಲ ನಮ್ಮಿಬ್ಬರಲ್ಲಿ ಒಬ್ಬರು ಏಳಬೇಕು.

ನಿವೃತ್ತರಾದ ಮೇಲೆ ಇಬ್ಬರೂ ಸೇರಿ ಉಣಕಲ್ ಕೆರೆಯ ದಂಡೆಯಲ್ಲಿ ನಡೆಯಬೇಕು, ಕಾಶಿಗೆ ಹೋಗಿ ಬರಬೇಕು ಎಂದೆಲ್ಲ ಮಾತಾಡಿಕೊಂಡಿದ್ದೆವು. ಕಾಶಿ ಮುಂದಕ್ಕೆ ಹೋಗಿದೆ. ಸಹಾಯಕ್ಕೆ ಈಕೆ ಬರುವ ಮೊದಲು ಕೆರೆಗೂ ಒಬ್ಬರಾದ ಮೇಲೆ ಒಬ್ಬರು ಹೋಗಬೇಕಿತ್ತು. ಈಗ ಮಧ್ಯಾಹ್ನದ ಹೊತ್ತು ಇಬ್ಬರೂ ಕೂಡಿ ಹೊರಗೆ ಹೋಗಬಹುದು. ಅವಳಿಗೆ ಕೊಡುವ 12 ಸಾವಿರ ರೂಪಾಯಿ ನಮ್ಮ ಮನೆಯ ಖರ್ಚುಗಳಲ್ಲೇ ಅತ್ಯಂತ ಸಾರ್ಥಕವಾದದ್ದು ಎಂದು ನಾನು ನಂಬಿದ್ದೇನೆ. ವಾರಕ್ಕೊಂದು ರಜೆ, ತಪ್ಪದೆ ತಿಂಗಳ ಮೊದಲ ದಿನವೇ ಸಂಬಳ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಊರಾಚೆಯಿಂದ ಬರುವ ಅವಳಿಗೆ ಅದೊಂದು ದೊಡ್ಡ ಉಳಿತಾಯ.

ಅರವತ್ತು ದಾಟಿದವರ ಸೊಂಟ, ಮೊಣಕಾಲುಗಳು ಇನ್ನೊಬ್ಬರನ್ನು ಎತ್ತಿ ಕೂರಿಸುವುದಕ್ಕೆ ಹೇಳಿಮಾಡಿಸಿದವಲ್ಲ. ಸಹಾಯಕ್ಕೆ ಜನ ಇಟ್ಟುಕೊಳ್ಳುವುದು ದುಂದು ಎನ್ನುವವರು ನೋಡಿಕೊಳ್ಳುವವರೇ ಹಾಸಿಗೆ ಹಿಡಿದರೆ ಆಗುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ.

ಅವ್ವನ ರೊಕ್ಕ ಅವ್ವನಿಗೆ

ನಮ್ಮ ಕಡೆ ‘ಅವ್ವನ ರೊಕ್ಕ ಮುಟ್ಟಬಾರದು’ ಎಂಬ ಮರ್ಯಾದೆಯೊಂದಿದೆ. ತಾಯಿಯ ಪಿಂಚಣಿ ಬ್ಯಾಂಕಿನಲ್ಲಿ ಬೆಳೆಯುತ್ತಿರುತ್ತದೆ, ಮಗ ತನ್ನ ಠೇವಣಿ ಮುರಿದು ಆಕೆಯ ಔಷಧಿ ತರುತ್ತಾನೆ. ನೋಡುವವರಿಗೆ ಇದು ಮಾತೃಭಕ್ತಿ. ಆದರೆ ಹದಿನೈದಿಪ್ಪತ್ತು ವರ್ಷ ಕಳೆದ ಮೇಲೆ ಅದೇ ಮಗ ತನ್ನ ಮಕ್ಕಳ ಮುಂದೆ ಕೈ ಚಾಚಬೇಕಾಗುತ್ತದೆ.

ಅತ್ತೆಯವರೂ ಮೊದಮೊದಲು ಒಪ್ಪಲಿಲ್ಲ. “ನನ್ನ ರೊಕ್ಕ ಮೊಮ್ಮಕ್ಕಳಿಗಿರ್ಲಿ, ನನಗ್ಯಾಕ ಖರ್ಚು ಮಾಡ್ತೀರಿ?” ಎಂದರು. “ಅವ್ವಾ, ಅಪ್ಪ ದುಡದದ್ದು ನಿನಗಂತನ. ನಿನ್ನ ರೊಕ್ಕ ನಿನ್ನ ಆರಾಮಕ್ಕ ಖರ್ಚಾಗ್ಲಿ. ಮೊಮ್ಮಕ್ಕಳು ದುಡಕೊಳ್ತಾರ,” ಎಂದರು ನಮ್ಮವರು. ಆ ಮಾತು ಅವರಿಗೆ ಹಿಡಿಸಿತು. ಆಯಾಳ ಸಂಬಳವನ್ನು ಅವರ ಕೈಯಿಂದಲೇ ಕೊಡಿಸುತ್ತೇವೆ. ತಾನು ಮಕ್ಕಳಿಗೆ ಭಾರವಾಗಿಲ್ಲ ಎಂಬ ಧೈರ್ಯ ಅವರ ಮುಖದಲ್ಲಿ ಕಾಣುತ್ತದೆ.

ನಮ್ಮ ತಿಂಗಳ ಲೆಕ್ಕ ಹೀಗಿದೆ. ಆಯಾಳ ಸಂಬಳ 12 ಸಾವಿರ. ಡೈಪರ್, ಮುಲಾಮು, ಹಾಸಿಗೆಯ ರಬ್ಬರ್ ಹೊದಿಕೆ ಇತ್ಯಾದಿಗೆ ಮೂರೂವರೆ ಸಾವಿರ. ಮನೆಗೆ ಬಂದು ನೋಡುವ ಡಾಕ್ಟರು, ವ್ಯಾಯಾಮ ಮಾಡಿಸುವವರು, ಆಟೋ, ರೈಲ್ವೆ ಆಸ್ಪತ್ರೆಯಲ್ಲಿ ಸಿಗದ ಔಷಧಿ ಎಲ್ಲ ಸೇರಿ ನಾಲ್ಕೂವರೆ ಸಾವಿರ. ಒಟ್ಟು 20 ಸಾವಿರ. ಅತ್ತೆಯವರ ಪಿಂಚಣಿ ಸುಮಾರು 18 ಸಾವಿರ. ಅಲ್ಲಲ್ಲಿ ಹರಿದು ಹಂಚಿದ್ದ ಅವರ ಠೇವಣಿಗಳನ್ನು ಒಟ್ಟುಗೂಡಿಸಿ, ಅವರ ಹೆಸರಿನಲ್ಲೇ 5 ಲಕ್ಷ ರೂಪಾಯಿಯನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದೇವೆ. ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 10,250 ರೂಪಾಯಿ ಬರುತ್ತದೆ. ಅವರ ಖರ್ಚು ಅವರ ಆದಾಯದಲ್ಲೇ ಮುಗಿದು ಒಂದಿಷ್ಟು ಮಿಗುತ್ತದೆ. ಮನೆಯ ಊಟ, ಬೆಳಕು, ಬಾಡಿಗೆಯ ಲೆಕ್ಕವನ್ನು ಅವರ ಮೇಲೆ ಹಾಕುವುದಿಲ್ಲ. ಅದು ಮಗನ ಮನೆ, ಅಲ್ಲಿ ಉಣ್ಣುವುದು ಅವರ ಹಕ್ಕು.

ಬರಬೇಕಾದದ್ದು ಪೂರ್ತಿ ಬರಲಿ

ಹಿರಿಯರ ಹಣ ಸಾಲುವುದಿಲ್ಲ ಎನ್ನುವ ಮೊದಲು ಅವರಿಗೆ ಬರಬೇಕಾದದ್ದೆಲ್ಲ ಬರುತ್ತಿದೆಯೇ ನೋಡಬೇಕು. ಕೇಂದ್ರ ಸರ್ಕಾರದ ಮತ್ತು ರೈಲ್ವೆಯ ಪಿಂಚಣಿದಾರರಿಗೆ 80 ತುಂಬಿದ ತಿಂಗಳಿನಿಂದ ಮೂಲ ಪಿಂಚಣಿಯ ಮೇಲೆ ಶೇ 20ರಷ್ಟು ಹೆಚ್ಚುವರಿ ಸಿಗುತ್ತದೆ. 85ಕ್ಕೆ ಅದು ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50. ನೂರು ತುಂಬಿದರೆ ಮೂಲ ಪಿಂಚಣಿಯಷ್ಟೇ ಮತ್ತೊಂದು ಪಾಲು. ಕುಟುಂಬ ಪಿಂಚಣಿಗೂ ಇದು ಅನ್ವಯಿಸುತ್ತದೆ. ಅತ್ತೆಯವರ ಮೂಲ ಪಿಂಚಣಿ 9,000, ಅಂದರೆ ಕೇಂದ್ರ ನಿಗದಿಪಡಿಸಿದ ಕನಿಷ್ಠ ಮೊತ್ತ. 85 ದಾಟಿದ್ದರಿಂದ ಅದಕ್ಕೆ 2,700 ಸೇರುತ್ತದೆ. ಎರಡರ ಮೇಲೂ ತುಟ್ಟಿಭತ್ಯೆ ಇದೆ.

ಇಲ್ಲೊಂದು ಎಚ್ಚರಿಕೆ. ಹಳೆಯ ಪಿಂಚಣಿ ಆದೇಶಗಳಲ್ಲಿ ಎಷ್ಟೋ ವಿಧವೆಯರ ಜನ್ಮದಿನಾಂಕವೇ ನಮೂದಾಗಿರುವುದಿಲ್ಲ. ದಿನಾಂಕವಿಲ್ಲದಿದ್ದರೆ ಹೆಚ್ಚುವರಿ ಪಿಂಚಣಿ ತಾನಾಗಿ ಸೇರುವುದಿಲ್ಲ. ತಾಯಿಗೆ 80 ಸಮೀಪಿಸುತ್ತಿದ್ದರೆ ಪಿಂಚಣಿ ಪತ್ರ ತೆಗೆದು ನೋಡಿ, ದಿನಾಂಕ ಇಲ್ಲದಿದ್ದರೆ ವಯಸ್ಸಿನ ದಾಖಲೆಯೊಂದಿಗೆ ಈಗಲೇ ಅರ್ಜಿ ಕೊಡಿ.

ವರ್ಷಕ್ಕೊಮ್ಮೆ ಜೀವಂತವಿರುವ ಪ್ರಮಾಣಪತ್ರ ಸಲ್ಲಿಸುವುದು ನವೆಂಬರ್‌ನಲ್ಲಿ. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. 2014ರಲ್ಲಿ ಶುರುವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಗೆ ಮೊದಲು ಬೆರಳಚ್ಚು ಇಲ್ಲವೇ ಕಣ್ಣಿನ ಗುರುತು ಬೇಕಿತ್ತು. ಜೀವನವಿಡೀ ರೊಟ್ಟಿ ಬಡಿದ, ಪಾತ್ರೆ ತಿಕ್ಕಿದ ಬೆರಳುಗಳಲ್ಲಿ ಗೆರೆಗಳು ಸವೆದಿರುತ್ತವೆ. 2021ರಿಂದ ಮುಖ ಗುರುತಿಸುವ ವಿಧಾನ ಬಂದಿದೆ, ಮನೆಯಲ್ಲಿ ಕೂತೇ ಮೊಬೈಲ್ ಕ್ಯಾಮೆರಾದಲ್ಲಿ ಮುಗಿಸಬಹುದು. ಅಂಚೆಯವರೂ ಮನೆಗೆ ಬಂದು ಮಾಡಿಕೊಡುತ್ತಾರೆ. 70 ದಾಟಿದವರಿಗೆ ನಗದು ತಲುಪಿಸುವಂಥ ಸೇವೆಗಳನ್ನು ಮನೆಬಾಗಿಲಿಗೇ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಗೆ ಹೋಗಿ ಕೇಳಿ, ಸಂಕೋಚ ಬೇಡ.

ನಮ್ಮ ಅಸಲು ನಮ್ಮದು

ನಿವೃತ್ತಿಯಲ್ಲಿ ಬಂದ ಹಣದಿಂದ ನಾನೂ 15 ಲಕ್ಷ ರೂಪಾಯಿಯನ್ನು ಇದೇ ಹಿರಿಯ ನಾಗರಿಕರ ಯೋಜನೆಯಲ್ಲಿ ಇಟ್ಟಿದ್ದೇನೆ. 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು, ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಖಾತೆ ತೆರೆಯಬಹುದು. 15 ಲಕ್ಷಕ್ಕೆ ಮೂರು ತಿಂಗಳಿಗೆ 30,750 ರೂಪಾಯಿ. ಈ ಅಸಲನ್ನು ಅತ್ತೆಯವರ ನಿತ್ಯದ ಖರ್ಚಿಗೆ ಮುರಿಯುವುದಿಲ್ಲ ಎಂದು ನಾವಿಬ್ಬರೂ ನಿರ್ಧರಿಸಿದ್ದೇವೆ. ಐದು ಲಕ್ಷ ತೆಗೆದರೆ ಹೋಗುವುದು ಐದು ಲಕ್ಷವಷ್ಟೇ ಅಲ್ಲ, ವರ್ಷಕ್ಕೆ 41 ಸಾವಿರದ ಆದಾಯವೂ ಹೋಗುತ್ತದೆ. ಖಾತೆ ತೆರೆದು ವರ್ಷದ ಮೇಲೆ, ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನ ಶೇ 1.5, ಆಮೇಲೆ ಮುದ್ದತಿಗೆ ಮೊದಲು ಮುಚ್ಚಿದರೆ ಶೇ 1 ಕಡಿತವೂ ಇದೆ. ಅತ್ತೆಯವರ ವಯಸ್ಸಿನವರೆಗೆ ನಾನು ಬದುಕುವುದಾದರೆ ನನ್ನ ಹಣ ಇನ್ನೂ 24 ವರ್ಷ ಬಾಳಬೇಕು.

ನಮ್ಮ ಆರೋಗ್ಯ ವಿಮೆಯ ಕಂತನ್ನೂ ಯಾವ ಕಾರಣಕ್ಕೂ ತಪ್ಪಿಸುವುದಿಲ್ಲ. ಅತ್ತೆಯವರಿಗೆ ರೈಲ್ವೆ ಆಸ್ಪತ್ರೆಯಿದೆ, ನಮ್ಮವರಿಗೆ ಕಾರ್ಖಾನೆ ಬಿಟ್ಟ ಮೇಲೆ ಅಂಥದೇನೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ತೆಗೆದುಹಾಕಿದ್ದು ನಮ್ಮಂಥವರಿಗೆ ನಿಜವಾದ ಆಸರೆ. 65 ದಾಟಿದವರಿಗೂ ಹೊಸ ಪಾಲಿಸಿ ಸಿಗುವಂತೆ ವಯಸ್ಸಿನ ಮಿತಿ 2024ರ ಏಪ್ರಿಲ್‌ನಲ್ಲೇ ಹೋಗಿದೆ. ಆದರೆ ಮರೆಯಬಾರದ ಮಾತೊಂದಿದೆ. ವಿಮೆಯಾಗಲಿ ಸರ್ಕಾರದ ಆರೋಗ್ಯ ಕಾರ್ಡಾಗಲಿ ಮುಖ್ಯವಾಗಿ ನೆರವಾಗುವುದು ಆಸ್ಪತ್ರೆ ಸೇರಿದಾಗ. ಮನೆಯಲ್ಲಿ ವರ್ಷಗಟ್ಟಲೆ ನಡೆಯುವ ಆರೈಕೆಗೆ ಹಣ ನಾವೇ ಹೊಂದಿಸಬೇಕು.

ಒಡಹುಟ್ಟಿದವರ ಪಾಲು

ನಮ್ಮವರ ತಮ್ಮ ಪುಣೆಯಲ್ಲಿದ್ದಾರೆ, ತಂಗಿ ಬೆಳಗಾವಿಯಲ್ಲಿ. ತಿಂಗಳ ಕೊನೆಗೆ ಅತ್ತೆಯವರ ಜಮಾಖರ್ಚನ್ನು ಒಂದು ಹಾಳೆಯಲ್ಲಿ ಬರೆದು, ಫೋಟೊ ತೆಗೆದು ಇಬ್ಬರಿಗೂ ಕಳಿಸುತ್ತೇನೆ. ಕೇಳುವ ಮೊದಲೇ ಲೆಕ್ಕ ತೋರಿಸಿದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ಆಸ್ಪತ್ರೆಯ ದೊಡ್ಡ ಖರ್ಚು ಬಂದಾಗ ಮೈದುನ ತಾಯಿಯ ಖಾತೆಗೇ ಹಣ ಹಾಕುತ್ತಾರೆ. ಮಕ್ಕಳು ತಂದೆತಾಯಿಗೆ ಕೊಡುವ ಹಣ ಪಡೆದವರ ಕೈಯಲ್ಲಿ ತೆರಿಗೆಗೆ ಒಳಪಡುವುದಿಲ್ಲ. ಅದನ್ನು ತಾಯಿಯ ಹೆಸರಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಮಗನ ಆದಾಯಕ್ಕೆ ಸೇರುವುದೂ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಆರೋಗ್ಯ ವಿಮೆಯಿಲ್ಲದ ಹಿರಿಯ ತಂದೆತಾಯಿಯ ಚಿಕಿತ್ಸೆಗೆ ವರ್ಷಕ್ಕೆ 50 ಸಾವಿರದವರೆಗೆ ಖರ್ಚು ಮಾಡಿದ್ದನ್ನು ಆದಾಯದಿಂದ ಕಳೆಯಬಹುದು. ಹಣವನ್ನು ನಗದಾಗಿ ಕೊಟ್ಟಿರಬಾರದು, ರಸೀದಿ ಇಟ್ಟುಕೊಂಡಿರಬೇಕು.

ನಾದಿನಿಯ ಸಂಸಾರದಲ್ಲಿ ಹಣದ ಅನುಕೂಲ ಕಡಿಮೆ. ಆಕೆ ಬೇಸಿಗೆಯಲ್ಲಿ, ದಸರೆಯಲ್ಲಿ ಬಂದು ತಾಯಿಯ ಪಕ್ಕ ಮಲಗುತ್ತಾಳೆ. ಆ ರಾತ್ರಿಗಳಲ್ಲಿ ನಮಗೆ ಪೂರ್ತಿ ನಿದ್ದೆ. ಅದು ಮೈದುನ ಹಾಕುವ ಹಣಕ್ಕಿಂತ ಕಡಿಮೆಯ ಪಾಲಲ್ಲ. ಎಲ್ಲರೂ ಸಮನಾಗಿ ಕೊಡಲೇಬೇಕೆಂಬ ಹಟ ಸಂಬಂಧ ಕೆಡಿಸುತ್ತದೆ. ಯಾರು ಏನು ಕೊಡುತ್ತಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿದ್ದರೆ ಸಾಕು.

ತಿಳಿವು ಇರುವಾಗಲೇ

ಅತ್ತೆಯವರಿಗೆ ಈಗಲೂ ಹಬ್ಬ, ಅಮಾವಾಸ್ಯೆಗಳ ನೆನಪಿದೆ, ಮೊಮ್ಮಕ್ಕಳ ಹೆಸರು ತಪ್ಪುವುದಿಲ್ಲ. ಕಾಗದಪತ್ರದ ಕೆಲಸವನ್ನು ಇಂಥ ಕಾಲದಲ್ಲೇ ಮುಗಿಸಬೇಕು. ಖಾತೆಗಳಿಗೆ ನಾಮನಿರ್ದೇಶನವಿದೆಯೇ ನೋಡಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ಹೆಸರಿಸಬಹುದು. ಸಹಿ ಮಾಡಲಾಗದ ಪಿಂಚಣಿದಾರರ ಹೆಬ್ಬೆಟ್ಟನ್ನು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತನ್ನು ಇಬ್ಬರು ಸಾಕ್ಷಿಗಳ ಎದುರು ಬ್ಯಾಂಕು ಒಪ್ಪಿಕೊಳ್ಳಬಹುದು. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ಉಯಿಲು ಬರೆಯಲು ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ. ಮುಖತ್ಯಾರ ಪತ್ರವನ್ನೇ ನೆಚ್ಚಿಕೊಂಡು ಕೂರಬೇಡಿ. ಅದನ್ನು ಕೊಟ್ಟವರಿಗೆ ಮುಂದೆ ಬುದ್ಧಿಭ್ರಮಣೆಯಾದರೆ ಕಾನೂನಿನ ಪ್ರಕಾರ ಅದು ಬಿದ್ದುಹೋಗುತ್ತದೆ. ಬಹಳಷ್ಟು ಮನೆಗಳಲ್ಲಿ ಅದರ ಅಗತ್ಯ ಬೀಳುವುದೇ ಆಗ.

ನಿಮ್ಮ ಮನೆಯಲ್ಲೂ ಎರಡು ಮುಪ್ಪುಗಳಿದ್ದರೆ ಈ ತಿಂಗಳೇ ಹಿರಿಯರ ಪಕ್ಕ ಕೂತು ಅವರ ಪಿಂಚಣಿ ಪತ್ರ, ಪಾಸ್‌ಬುಕ್, ಠೇವಣಿ ರಸೀದಿಗಳನ್ನು ತೆಗೆಯಿರಿ. ಅವರಿಗೆಂದೇ ಒಂದು ಲೆಕ್ಕದ ವಹಿ ಮಾಡಿ. ಅವರ ಹಣ ಸಾಲದಿದ್ದಾಗ ಒಡಹುಟ್ಟಿದವರನ್ನು ಕೇಳಿ, ಅದೂ ಸಾಲದಿದ್ದರೆ ನಿಮ್ಮ ಬಡ್ಡಿಯಿಂದ ಕೊಡಿ, ಅಸಲಿಗೆ ಕೈ ಹಾಕುವುದು ಕಟ್ಟಕಡೆಗೆ. ಹಿರಿಯರು ದುಡಿದದ್ದು ಹಿರಿಯರ ನೆಮ್ಮದಿಗೆ ಖರ್ಚಾಗಲಿ. ಮಿಕ್ಕಿದ್ದು ಮಕ್ಕಳು ಮೊಮ್ಮಕ್ಕಳಿಗೆ ಹೋಗಲಿ.