ನಾಲ್ಕನ್ನು ಎರಡು ಮಾಡಿ ನೋಡು

ನೋಡಪ್ಪಾ, ನಿನ್ನೆ ನೀನು ತೋರಿಸಿದ ಎಕ್ಸೆಲ್ ಹಾಳೆ ಅಂದವಾಗಿಯೇ ಇದೆ. ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನಲ್ಲಿರುವ ಮನೆಯ ಮೇಲೆ 6 ಕಿಲೋವ್ಯಾಟ್ ಸೋಲಾರ್, 25 ವರ್ಷದ ಲೆಕ್ಕ, ಕೊನೆಗೆ ಹಸಿರು ಬಣ್ಣದಲ್ಲಿ ದಪ್ಪ ಲಾಭ. ಮಾಡಿಕೊಟ್ಟವನು ಪ್ಯಾನೆಲ್ ಮಾರುವವನು ಅನ್ನುವುದನ್ನು ಮರೆಯಬೇಡ.

ಮೇಲುಗಡೆ, ಕರೆಂಟಿನ ದರ ವರ್ಷಕ್ಕೆ ಶೇ. 4 ಏರುತ್ತದೆ ಅಂತ ಇದೆಯಲ್ಲ, ಅದನ್ನು 2 ಮಾಡಿ ಎಂಟರ್ ಒತ್ತು. ಈಗಿನ 200 ಡಾಲರ್ ಬಿಲ್ಲು 4ರ ಲೆಕ್ಕಕ್ಕೆ 25 ವರ್ಷದಲ್ಲಿ 533 ಆಗುತ್ತದೆ. 2ರ ಲೆಕ್ಕಕ್ಕೆ 328. ಪ್ಯಾನೆಲ್ ಒಂದೂ ಅಲುಗಲಿಲ್ಲ, ಲಾಭ ಕರಗಿತು. ಆ ದರವಾದರೂ ಯಾರದು? ಕ್ವೀನ್ಸ್ ಕಡೆಯ ಫ್ಲೋರಲ್ ಪಾರ್ಕಿಗೆ ಕಾನ್ ಎಡಿಸನ್, ನಸ್ಸಾ ಕಡೆಗೆ ಪಿಎಸ್ಇಜಿ ಲಾಂಗ್ ಐಲ್ಯಾಂಡ್. ರಸ್ತೆ ದಾಟಿದರೆ ಲೆಕ್ಕವೇ ಬೇರೆ. ಮನೆ ಮಾಲೀಕರಿಗಿದ್ದ ಶೇ. 30 ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು, ಈ ಹಾಳೆಯಲ್ಲಿ ಇನ್ನೂ ಕೂತಿದೆ. ಸೊನ್ನೆ ಹಾಕು. ಇನ್ವರ್ಟರ್ ಬದಲಿಸುವ ಖರ್ಚನ್ನು ಬರೆದೇ ಇಲ್ಲ, ಸೇರಿಸು.

ಬಿಸಿಲಿನ ಅಂಕಿ ಊಹಿಸಬೇಡ. ಪಿವಿವಾಟ್ಸ್ ಅನ್ನುವ ವೆಬ್‌ಸೈಟಿಗೆ ಮನೆಯ ವಿಳಾಸ ಕೊಟ್ಟರೆ ತಿಂಗಳುವಾರು ಪುಕ್ಕಟೆ ಸಿಗುತ್ತದೆ. ಪಕ್ಕದ ಮನೆಯ ಮೇಪಲ್ ಮರ ಅದಕ್ಕೆ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ, ಸಹಿ ಹಾಕಿದ ಮೇಲೆ ಕಂಡಿತು.

ಊರಿನಲ್ಲಿ ದೊಡ್ಡ ಯೋಜನೆಗಳಿಗೆ ಕೈ ಹಾಕುವ ಆಸೆ ಇದೆ ಅಂದೆ. ಹಾಗಾದರೆ ಪಾವಗಡದ ಸೋಲಾರ್ ಪಾರ್ಕನ್ನು ಲೆಕ್ಕ ಹಾಕಿ ಕಲಿ. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಜಮೀನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಡುವ ಆ ಸೀಮೆಯಲ್ಲಿ ಅದು ಸಣ್ಣ ದುಡ್ಡಲ್ಲ, ಒಪ್ಪುತ್ತೇನೆ. ಆದರೂ ಕಂಪನಿಯ ಹಾಳೆಯ ಪಕ್ಕದಲ್ಲೇ ರೈತನದೊಂದು ಹಾಳೆ ತೆರೆ. ಹತ್ತು ವರ್ಷ ಕಳೆದಾಗ ಗುತ್ತಿಗೆ 26,800 ಆಗುತ್ತದೆ. ಸಾಮಾನಿನ ಬೆಲೆ ವರ್ಷಕ್ಕೆ ಶೇ. 5 ಏರಿದರೆ, ಮೊದಲು 21,000ಕ್ಕೆ ಬರುತ್ತಿದ್ದ ಸಂತೆಗೆ ಆಗ 34,200 ಬೇಕು. ಇನ್ನು ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಜಮೀನಿಲ್ಲದವರು? ಅವರಿಗೆ ಗುತ್ತಿಗೆಯ ದುಡ್ಡೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಅವರ ಲೆಕ್ಕವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀಯ, ಯೋಚಿಸಿಕೊಂಡು ಬಾ.

ಶನಿವಾರ ಕಾಫಿಗೆ ಬಾ. ಹನ್ನೆರಡು ತಿಂಗಳ ಕರೆಂಟು ಬಿಲ್ಲು ತಾ. ಆ ಹಾಳೆ ಅಲ್ಲೇ ಇರಲಿ, ನಾವು ಖಾಲಿಯದರಿಂದ ಶುರು ಮಾಡೋಣ.