ಲಾನ್‌ನ ಬೋಳು ಜಾಗಕ್ಕೆ ಬೀಜ: ಹೂಳಬೇಡಿ, ಉದುರಿಸಿ

ಮುಂಗಾರಿಗೆ ಮೊದಲು ಒಂದೆರಡು ಮಳೆ ಬಿದ್ದರೆ ಸಾಕು, ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲಿ ಲಾನ್ ರಿಪೇರಿ ಶುರುವಾಗುತ್ತದೆ. ಬೋಳಾದ ಕಡೆಗೆಲ್ಲ ಬೀಜ ಚೆಲ್ಲಿ, ಮೇಲೆ ಗೊಬ್ಬರ ಸುರಿದು, ಪೈಪಿನಲ್ಲಿ ನೀರು ಬಿಟ್ಟು ಕಾಯುತ್ತಾರೆ. ಮೂರು ವಾರವಾದರೂ ಏನೂ ಏಳುವುದಿಲ್ಲ. ಆಗ 'ಬೀಜ ಕಳಪೆ' ಎನ್ನುವ ದೂರು. ಹೀಗೆ ಕರೆದವರ ಮನೆಗೆ ಹೋಗಿ ಮಣ್ಣು ಕೆದಕಿ ನೋಡಿದ್ದೇನೆ. ಹೆಚ್ಚಿನ ಕಡೆ ಬೀಜದ ತಪ್ಪೇನೂ ಇರಲಿಲ್ಲ, ಅದು ಎರಡಿಂಚು ಗೊಬ್ಬರದ ಅಡಿಯಲ್ಲಿ ಉಸಿರುಕಟ್ಟಿತ್ತು.

ಬೀಜ ಕೊಳ್ಳುವ ಮೊದಲು ನಿಮ್ಮ ಅಂಗಳದಲ್ಲಿರುವ ಹುಲ್ಲು ಯಾವುದೆಂದು ತಿಳಿದುಕೊಳ್ಳಿ. ಕಾಲಿಟ್ಟರೆ ಹಾಸಿಗೆಯಂತೆ ಮೆತ್ತಗಿದ್ದು, ಅಲ್ಲಲ್ಲಿ ದಿಬ್ಬದಂತೆ ಉಬ್ಬಿದ್ದರೆ ಅದು ನರ್ಸರಿಯವರು ಮೆಕ್ಸಿಕನ್ ಎಂದು ಮಾರುವ ಹುಲ್ಲು. ಅದಕ್ಕೆ ಬೀಜದ ಗೋಜು ಬೇಡ, ಅದೇ ಜಾತಿಯ ಮ್ಯಾಟ್ ತಂದು ಕತ್ತರಿಸಿ ಕೂರಿಸಿ. ಬೀಜದಿಂದ ರಿಪೇರಿಯಾಗುವುದು ಬರ್ಮುಡಾ, ಅಂದರೆ ನಾವು ಗಣೇಶನಿಗೆ ಏರಿಸುವ ಗರಿಕೆಯ ಜಾತಿ. ಅದರಲ್ಲೂ ಗಾಲ್ಫ್ ಮೈದಾನಕ್ಕೆ ಹಾಕುವ ಟಿಫ್‌ಡ್ವಾರ್ಫ್‌ನಂಥ ಮಿಶ್ರತಳಿಗಳು ಮೊಳೆಯುವ ಬೀಜವನ್ನೇ ಕಟ್ಟುವುದಿಲ್ಲ. ಹಚ್ಚಹಸಿರು ಚಿತ್ರ ನೋಡಿ ಆನ್‌ಲೈನ್‌ನಲ್ಲಿ ರೈ ಹುಲ್ಲಿನ ಬೀಜ ತರಿಸಬೇಡಿ. ಅದು ವಾರದೊಳಗೆ ಮೊಳೆತು ಸಂತೋಷ ಕೊಡುತ್ತದೆ. ಆದರೆ ಅದು ಚಳಿದೇಶದ ಹುಲ್ಲು, ನಮ್ಮ ಏಪ್ರಿಲ್ ಬಿಸಿಲಿಗೆ ನಿಲ್ಲುವುದಿಲ್ಲ. ಬೋಳು ಜಾಗ ಒಂದು ಗೇಣಿಗಿಂತ ಚಿಕ್ಕದಾಗಿದ್ದರೆ ಬೀಜವೇ ಬೇಡ. ಮಣ್ಣು ಸಡಿಲಿಸಿ ನೀರು ಕೊಟ್ಟರೆ ಸುತ್ತಲಿನ ಗರಿಕೆ ತಾನೇ ಬಳ್ಳಿ ಹಬ್ಬಿಸಿ ಮುಚ್ಚುತ್ತದೆ.

ಆ ಜಾಗ ಬೋಳಾದದ್ದು ಏಕೆ? ಇದಕ್ಕೆ ಉತ್ತರ ಸಿಗುವ ತನಕ ಬೀಜದ ಪೊಟ್ಟಣ ಬಿಚ್ಚಬೇಡಿ. ಅಂಚಿನ ಹುಲ್ಲನ್ನು ಹಿಡಿದೆಳೆದರೆ ಚಾಪೆಯಂತೆ ಸುಲಿದು ಬಂದರೆ ಅಡಿಯಲ್ಲಿ ಗೊಣ್ಣೆಹುಳು ಬೇರು ತಿಂದಿರುತ್ತದೆ. ಅಗೆದು, ಹುಳುಗಳನ್ನು ಆರಿಸಿ ತೆಗೆಯಿರಿ. ನಡುವೆ ಒಣಗಿ, ಸುತ್ತ ಕಡುಹಸಿರು ಉಂಗುರವಿದ್ದರೆ ನಾಯಿಯ ಮೂತ್ರ, ಹಾಗಾದರೆ ನಾಲ್ಕು ಬಿಂದಿಗೆ ನೀರು ಸುರಿದು ಮಣ್ಣು ತೊಳೆಯಬೇಕು. ಸ್ಕೂಟರ್ ನಿಲ್ಲಿಸುವ ಕಡೆ ಮಣ್ಣು ಕಲ್ಲಾಗಿರುತ್ತದೆ. ಹೊಸ ಮನೆಗಳಲ್ಲಿ ಇನ್ನೊಂದು ಕಾರಣ ಪದೇ ಪದೇ ಕಾಣುತ್ತದೆ: ಕಟ್ಟಡದ ಕೆಲಸ ಮುಗಿದಾಗ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿಯನ್ನೆಲ್ಲ ಅಂಗಳದಲ್ಲೇ ಮುಚ್ಚಿ ಮೇಲೆ ಮೂರಿಂಚು ಕೆಮ್ಮಣ್ಣು ಎಳೆದಿರುತ್ತಾರೆ. ಅಂಥ ಕಡೆ ಹಾರೆ ಹಾಕಿ ಕಸ ಹೊರತೆಗೆಯದೆ ಯಾವ ಬೀಜವೂ ನಿಲ್ಲದು. ಇನ್ನು ಮಾವಿನ ಮರದ ನೆರಳು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಕಡೆ ಗರಿಕೆಯ ಆಸೆ ಬಿಡಿ, ನೆರಳಿನ ಗಿಡ ಹಾಕಿ.

ಕಾರಣ ಸರಿಪಡಿಸಿದ ಮೇಲೆ ಒಣ ಹುಲ್ಲು ಕೆರೆದು, ಜೇಕಿನ ಗಡ್ಡೆಗಳನ್ನು ಬುಡಸಹಿತ ಕಿತ್ತು, ನಾಲ್ಕರಿಂದ ಆರಿಂಚು ಆಳಕ್ಕೆ ಅಗೆಯಿರಿ. ಹತ್ತು ಚದರಡಿಗೆ ಅರ್ಧ ಬಾಂಡ್ಲಿ ಕೊಟ್ಟಿಗೆ ಗೊಬ್ಬರವನ್ನು ಈ ಹಂತದಲ್ಲೇ ಮಣ್ಣಿಗೆ ಬೆರೆಸಬೇಕು. ಗೊಬ್ಬರ ಪೂರ್ತಿ ಕೊಳೆತಿರಲಿ. ಹಸಿ ಗೊಬ್ಬರ ಹಾಕಿದರೆ ಕಳೆ ಬೀಜ, ಗೆದ್ದಲು ಎರಡನ್ನೂ ಮನೆಗೆ ಕರೆದಂತೆ. ಹೆಂಟೆ ಒಡೆದು ಮಟ್ಟ ಮಾಡಿ, ನೀರು ಚಿಮುಕಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕುಸಿದ ಕಡೆ ಮಣ್ಣು ತುಂಬಿ.

ಈಗ ಬೀಜ. ಇಲ್ಲಿ ಅವಸರ ಪಡಬೇಡಿ.

ಬರ್ಮುಡಾ ಬೀಜ ರಾಗಿಗಿಂತಲೂ ಸಣ್ಣದು, ಒಂದು ಗ್ರಾಂ ತೂಕಕ್ಕೆ ಮೂರು ನಾಲ್ಕು ಸಾವಿರ ಕಾಳು. ಅಷ್ಟು ಪುಟ್ಟ ಕಾಳಿನಲ್ಲಿ ಮೊಳಕೆಗೆ ಕಟ್ಟಿಕೊಟ್ಟ ಬುತ್ತಿಯೂ ಅಷ್ಟೇ ಪುಟ್ಟದು. ಕಾಲಿಂಚು ಮಣ್ಣು ದಾಟಿ ಬರುವಷ್ಟರಲ್ಲೇ ಅದು ಮುಗಿಯುತ್ತದೆ. ಎರಡಿಂಚು ಆಳದಲ್ಲಿದ್ದರೆ ಮೊಳಕೆ ಬೆಳಕು ಕಾಣುವ ಮೊದಲೇ ಸಾಯುತ್ತದೆ. ಅವರೆ, ಹುರುಳಿಯನ್ನು ಆಳಕ್ಕೆ ಹಾಕಿ ಅಭ್ಯಾಸವಾದವರಿಗೆ ಬೀಜ ಕಣ್ಣಿಗೆ ಕಾಣುತ್ತಿದ್ದರೆ ಸಮಾಧಾನವಿರುವುದಿಲ್ಲ, ಹಕ್ಕಿ ತಿನ್ನುತ್ತದೆ ಎಂದು ಮತ್ತೊಂದು ಬುಟ್ಟಿ ಮಣ್ಣು ಎಳೆಯುತ್ತಾರೆ. ಅಲ್ಲೇ ಕೆಲಸ ಕೆಡುವುದು. ಅಲ್ಲೊಂದು ಇಲ್ಲೊಂದು ಬೀಜ ಕಾಣುತ್ತಿದ್ದರೆ ಬಿತ್ತನೆ ಸರಿಯಾಗಿದೆ ಎಂದೇ ತಿಳಿಯಿರಿ.

ಹತ್ತು ಚದರಡಿಗೆ ಹತ್ತು ಗ್ರಾಂ ಬೀಜ ಸಾಕು. ಅದನ್ನು ಎರಡು ಹಿಡಿ ಒಣ ಮರಳಿನೊಂದಿಗೆ ಬೆರೆಸಿ, ರಂಗೋಲಿ ಪುಡಿ ಬಿಡುವ ಹಾಗೆ ಬೆರಳ ಸಂದಿನಿಂದ ಉದುರಿಸಿ. ಅರ್ಧವನ್ನು ಉದ್ದಕ್ಕೆ, ಉಳಿದರ್ಧವನ್ನು ಅಡ್ಡಕ್ಕೆ. ಕೈಬೆರಳಿನಿಂದ ಮಣ್ಣನ್ನು ಮೇಲೆ ಮೇಲೆ ಕೆರೆದು, ಜರಡಿ ಹಿಡಿದ ಮಣ್ಣನ್ನು ಅತಿ ತೆಳುವಾಗಿ ಚಿಮುಕಿಸಿ. ಆಮೇಲೆ ಹಲಗೆ ಇಟ್ಟು, ಅದರ ಮೇಲೆ ನಿಂತು ಒತ್ತಿ. ಬೀಜ ಮಣ್ಣಿಗೆ ಅಂಟದಿದ್ದರೆ ತೇವ ಹೀರದು. ಹಕ್ಕಿಯ ಕಾಟವಿದ್ದರೆ ಒದ್ದೆ ಗೋಣಿಚೀಲ ಹೊದಿಸಿ, ಆದರೆ ಐದನೆಯ ದಿನದಿಂದ ದಿನಾ ಎತ್ತಿ ನೋಡಿ. ಮೊದಲ ಹಸಿರು ಕಂಡ ಸಂಜೆಯೇ ಚೀಲ ತೆಗೆಯಬೇಕು, ಬಿಟ್ಟರೆ ಮೊಳಕೆ ಬಿಳಿಚಿ ಚೀಲದ ನೂಲಿಗೆ ಸಿಕ್ಕಿಕೊಳ್ಳುತ್ತದೆ.

ನೀರನ್ನು ಪೈಪಿನಲ್ಲಿ ಬಿಡಲೇಬೇಡಿ, ಬೀಜವೆಲ್ಲ ತೇಲಿ ಒಂದು ಮೂಲೆ ಸೇರುತ್ತದೆ. ರೋಸ್ ಕ್ಯಾನ್ ಅಥವಾ ಔಷಧಿ ಹೊಡೆಯುವ ಸ್ಪ್ರೇಯರ್ ಬಳಸಿ. ಕಳೆನಾಶಕ ಹೊಡೆದ ಸ್ಪ್ರೇಯರ್ ಮಾತ್ರ ಬೇಡ. ಬಿಸಿಲಿದ್ದರೆ ದಿನಕ್ಕೆ ಮೂರು ಸಲ, ಮೇಲ್ಮಣ್ಣು ಒದ್ದೆಯಾಗುವಷ್ಟು ಮಾತ್ರ. ಸಿಪ್ಪೆ ತೆಗೆದ ಬೀಜ ಒಂದರಿಂದ ಎರಡು ವಾರದಲ್ಲಿ ಮೊಳೆಯುತ್ತದೆ, ಸಿಪ್ಪೆ ಇರುವುದಕ್ಕೆ ಮೂರು ವಾರವೂ ಬೇಕಾದೀತು. ಡಿಸೆಂಬರ್, ಜನವರಿ ಚಳಿಯಲ್ಲಿ ಇನ್ನೂ ನಿಧಾನ. ಹಸಿರು ಕಂಡಿತೆಂದು ನೀರು ನಿಲ್ಲಿಸಿ ಊರಿಗೆ ಹೋಗಬೇಡಿ. ಆಗ ಬೇರು ಅರ್ಧ ಇಂಚೂ ಇಳಿದಿರುವುದಿಲ್ಲ, ಒಂದು ದಿನದ ಬಿಸಿಲು ಸಾಕು ಸುಟ್ಟುಹಾಕಲು.

ಹಳೆಯ ಪೊಟ್ಟಣದ ಬೀಜವಾದರೆ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟು ಎರಡು ವಾರದ ನಂತರ ಎಣಿಸಿ. ಅರ್ಧಕ್ಕಿಂತ ಕಡಿಮೆ ಮೊಳೆತರೆ ಹೊಸದು ತನ್ನಿ.

ಮುಂದಿನದು ಚುಟುಕಾಗಿ. ಮೂರನೆಯ ವಾರದಿಂದ ನೀರು ದಿನಕ್ಕೊಮ್ಮೆ, ಆದರೆ ಆಳಕ್ಕೆ ಇಳಿಯುವಂತೆ. ಹುಲ್ಲು ಎರಡಿಂಚು ದಾಟಿದಾಗ ಹರಿತ ಕತ್ತರಿಯಲ್ಲಿ ತುದಿಯ ಮೂರನೇ ಒಂದು ಪಾಲು ಮಾತ್ರ ಕತ್ತರಿಸಿ. ಒಂದು ತಿಂಗಳ ಬಳಿಕ ಐದು ಗ್ರಾಂ ಯೂರಿಯಾವನ್ನು ಐದು ಲೀಟರ್ ನೀರಿನಲ್ಲಿ ಕರಗಿಸಿ ಹತ್ತು ಚದರಡಿಗೆ ಹಾಕಿ, ಕೂಡಲೇ ಎಲೆ ತೊಳೆಯಿರಿ. ಕಳೆ ಕೈಯಲ್ಲೇ ಕೀಳಿ. ಎರಡು ತಿಂಗಳ ತನಕ ಆ ಕಡೆ ಸ್ಕೂಟರ್ ಬೇಡ.