ಅಂಗಡಿ ತೆರೆಯುವ ಮುನ್ನ

ಸ್ವಂತ ಉದ್ದಿಮೆಗೆ ಇಳಿಯಬೇಕೆಂದಿದ್ದೀರಾ? ಮುಂಬೈಯ ಕಾಂದಿವಲಿಯ ಚಾರ್‌ಕೋಪ್‌ನಲ್ಲಿ ಕಾರ್ಖಾನೆಯಿರುವ ನ್ಯಾಚುರಲ್ಸ್ ಐಸ್‌ಕ್ರೀಮ್‌ನ ಕಥೆ ಕೇಳಿ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ಪುಟ್ಟ ಅಂಗಡಿ ತೆರೆದರು. ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೆಯೇ? ಅದಕ್ಕೇ ಪಾವ್‌ಭಾಜಿಯನ್ನೂ ಇಟ್ಟರು. ಖಾರ ತಿಂದವರು ತಂಪು ಕೇಳುತ್ತಾರೆಂಬ ಲೆಕ್ಕ. ಹಣ್ಣಿನ ಐಸ್‌ಕ್ರೀಮಿನ ರುಚಿ ಜನರಿಗೆ ಹಿಡಿಸಿದ ಮೇಲೆ ಪಾವ್‌ಭಾಜಿ ನಿಲ್ಲಿಸಿಬಿಟ್ಟರು. ನನಗನಿಸುವಂತೆ, ಹೀಗೆ ನಿಲ್ಲಿಸುವುದು ಆರಂಭಿಸುವುದಕ್ಕಿಂತ ಕಷ್ಟ. ಗಲ್ಲಾಪೆಟ್ಟಿಗೆ ತುಂಬಿಸುತ್ತಿರುವುದನ್ನು ಕೈಯಾರೆ ಬಿಡಬೇಕಲ್ಲ! ಆ ಅಂಜಿಕೆ ನಿಮಗೂ ಬರುತ್ತದೆ, ರಾತ್ರಿ ನಿದ್ದೆಯೂ ಹಾರುತ್ತದೆ. ಒಬ್ಬರೇ ನುಂಗಿಕೊಳ್ಳಬೇಡಿ, ಮನೆಯವರ ಮುಂದೆ ಲೆಕ್ಕಪುಸ್ತಕ ಬಿಚ್ಚಿಡಿ. ತಿಂಗಳ ಬಾಡಿಗೆ, ಕೆಲಸದವರ ಸಂಬಳ ಮೊದಲು ಎತ್ತಿಡಿ. ನಿಮ್ಮ ಪಾಲು ಆಮೇಲೆ.